ಮೇಲಿನದ್ದು ಚೆಲ್ಲು

ಸಸ್ಯಶಾಸ್ತ್ರದ ವಿಲಾಸಿನಿ ಟೀಚರ್ ಪ್ರಯೋಗಶಾಲೆಗೆ ಕಾಲಿಟ್ಟರೆ ಕೇರಳದ ಪೊನ್ನಾನಿಯ ಆ ಕಾಲೇಜಿನ ಕಾಗೆಗಳೂ ಸುಮ್ಮನಾಗುತ್ತಿದ್ದವು. "ಬಾಯಿ ಮುಚ್ಚು, ಕೈ ಆಡಿಸು" ಎನ್ನುವುದು ಅವರ ಮಂತ್ರ. ವರ್ಷದ ಮೊದಲ ತರಗತಿಯಲ್ಲೇ ಹಫ್ಸತ್ ಎಂಬ ಹುಡುಗಿ, "ನಳಿಕೇಲಿ ಮೇಲಿನದ್ದನ್ನ ಯಾಕೆ ಚೆಲ್ಲೋದು ಟೀಚರ್?" ಎಂದು ಕೇಳಿ ಎಲ್ಲರೆದುರು ಉಗಿಸಿಕೊಂಡಿದ್ದಳು.

"ಹಾಗಾದ್ರೆ ನೀನೇ ಪಾಠ ಮಾಡು. ನಾನು ಮನೆಗೆ ಹೋಗಿ ಮೀನು ಹೆಚ್ತೀನಿ."

ಹುಡುಗರು ಬಿದ್ದು ಬಿದ್ದು ನಕ್ಕಿದ್ದರು. ಟೀಚರಿಗೂ ತಮ್ಮ ಮಾತು ರುಚಿಸಿತ್ತು.

ಅದೇ ಹಫ್ಸತ್ ಈಗ ಐಸ್ ಡಬ್ಬಿಯಲ್ಲಿ ಮಾವಿನೆಲೆ ಹಿಡಿದು ನಿಂತಿದ್ದಳು. ಅವಳ ಹಿತ್ತಲಿನ ಮರ ಬಿರುಗಾಳಿಗೆ ಬುಡಸಮೇತ ಬಿದ್ದಿತ್ತು. ಕಟ್ಟಿದ ಕಸಿ ಒಂದೂ ಹಿಡಿದಿರಲಿಲ್ಲ. ಉಳಿದದ್ದು ಫ್ರಿಜ್ಜಿನಲ್ಲಿಟ್ಟ ಈ ಎಲೆಗಳಷ್ಟೇ. ಇವುಗಳ ಡಿಎನ್‌ಎ ತೆಗೆದು ಕಳಿಸಿದರೆ, ಅದೇ ತಳಿ ಬೇರೆ ಯಾರ ಹಿತ್ತಲಲ್ಲಾದರೂ ಇದೆಯೇ ಎಂದು ಹೋಲಿಸಿ ನೋಡುವುದಾಗಿ ಕೃಷಿ ಕೇಂದ್ರದವರು ಹೇಳಿದ್ದರು.

"ಆ ಮರದ ಕೊನೇ ಭರಣಿ ಉಪ್ಪಿನಕಾಯಿ ಮುಟ್ಟೋಕೂ ಉಮ್ಮ ಬಿಡ್ತಿಲ್ಲ ಟೀಚರ್."

ಆ ತಾಯಿಯ ಸಂಕಟಕ್ಕೆ ಕರಗಿದ ಟೀಚರ್ ಅವಳನ್ನು ಮಗಳೇ ಎಂದೇ ಕರೆದರು. "ಎಲ್ಲಾ ಎಲೆ ಹಾಕು ಮೋಳೇ. ಮಾವಿನೆಲೆ ಮಹಾ ಜಿಪುಣ, ಸ್ವಲ್ಪ ಹಾಕಿದ್ರೆ ಏನೂ ಬಿಟ್ಟುಕೊಡಲ್ಲ."

ಅರೆದರು, ಸೋಪಿನ ನೀರು, ಉಪ್ಪು ಸೇರಿಸಿದರು, ಸೋಸಿದರು. ಎಂದಿನಂತೆ ಯಂತ್ರದಲ್ಲಿ ಗಿರಗಿರ ತಿರುಗಿಸಿದ್ದರೆ ಡಿಎನ್‌ಎ ನಳಿಕೆಯ ತಳಕ್ಕೆ ಅಂಟಿ ಕೂರುತ್ತಿತ್ತು, ಮೇಲಿನದ್ದನ್ನು ಚೆಲ್ಲಿದರೆ ಮುಗಿಯುತ್ತಿತ್ತು. ಆದರೆ ಅವತ್ತು ಕರೆಂಟ್ ಕೈಕೊಟ್ಟಿತು. ಹಳೇ ಕ್ರಮವೇ ಗತಿ. ಹಫ್ಸತ್ ಉಸಿರು ಬಿಗಿಹಿಡಿದು ತಣ್ಣನೆ ಆಲ್ಕೋಹಾಲನ್ನು ನಳಿಕೆಯ ಗೋಡೆಗುಂಟ ಇಳಿಸಿದಳು. ಹಸಿರು ನೀರಿನಿಂದ ಡಿಎನ್‌ಎಯ ಬೆಳ್ಳನೆಯ ಎಳೆಗಳು ಎದ್ದು ಮೇಲಿನ ಆಲ್ಕೋಹಾಲಿನಲ್ಲಿ ತೇಲತೊಡಗಿದವು.

ಅಷ್ಟರಲ್ಲಿ ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ಪರೀಕ್ಷೆ ಡ್ಯೂಟಿಯ ತಕರಾರು ತೆಗೆದರು. ಟೀಚರ್ ಅವರ ಜೊತೆ ಜಟಾಪಟಿಗಿಳಿದರು. "ಮುಂದೇನು ಟೀಚರ್?" ಎಂಬ ದನಿಗೆ ತಿರುಗಿಯೂ ನೋಡದೆ, ಬಾಯಿಪಾಠವಾದದ್ದನ್ನೇ ಒದರಿದರು.

"ಮೇಲಿನದ್ದು ಚೆಲ್ಲು!"

ವಾಪಸು ಬಂದಾಗ ನಳಿಕೆಯಲ್ಲಿ ಹಸಿರು ನೀರಷ್ಟೇ ಇತ್ತು. ಸಿಂಕಿನ ನಲ್ಲಿ ಸುರಿಯುತ್ತಲೇ ಇತ್ತು. ಟೀಚರ್ ಓಡಿ ನಲ್ಲಿ ನಿಲ್ಲಿಸಿದರು.

"ಬಿಳೀ ಎಳೆ ಮೇಲೇ ಇತ್ತಲ್ಲೇ! ನೋಡ್ಲಿಲ್ವಾ?"

"ನೋಡಿದೆ."

"ಮತ್ತೆ ಕೇಳೋಕೇನಾಗಿತ್ತು ನಿಂಗೆ?"

ಹಫ್ಸತ್ ಖಾಲಿ ಡಬ್ಬಿಯ ಮುಚ್ಚಳ ಹಾಕಿದಳು. "ನೀವು ಹೇಳಿದ್ರಲ್ಲ ಟೀಚರ್."

ಟೀಚರಿಗೆ ಬೈಯಲು ಯಾರೂ ಸಿಗಲಿಲ್ಲ. ತಮ್ಮನ್ನೇ ಬೈದುಕೊಂಡರು, ಆ ರಾತ್ರಿ ಊಟವೂ ಸೇರಲಿಲ್ಲ.

ಮುಂದಿನ ವಾರ ಈರುಳ್ಳಿಯ ಡಿಎನ್‌ಎ ತೆಗೆಯುವ ಸರದಿ. ಎಲ್ಲರ ನಳಿಕೆಗಳಲ್ಲೂ ಎಳೆಗಳು ಮೇಲೆದ್ದವು. ಟೀಚರ್ ಬೇಕೆಂದೇ ಹೇಳಿದರು: "ಸರಿ. ಮೇಲಿನದ್ದು ಚೆಲ್ಲಿ."

ಒಬ್ಬರಾದರೂ ಯಾಕೆ ಎನ್ನಲಿ ಎಂದು ಅವರ ಜೀವ ಹಾತೊರೆಯಿತು. ಯಾರೂ ತುಟಿ ಬಿಚ್ಚಲಿಲ್ಲ. ಒಬ್ಬೊಬ್ಬರಾಗಿ ಸಿಂಕಿಗೆ ನಳಿಕೆ ಬಗ್ಗಿಸಿದರು. ಹಫ್ಸತ್ ಕೊನೆಯವಳು. ನಳಿಕೆ ನೋಡಿದಳು, ಟೀಚರ ಮುಖ ನೋಡಿದಳು.

ಆಮೇಲೆ ಅವಳೂ ಚೆಲ್ಲಿದಳು.