ಎಡಗಡೆಯ ಆರು ಡೆಸಿಬೆಲ್

೨೦೧೯ರ ಮಾರ್ಚ್ ೯, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಹದಿನೈದು ನಿಮಿಷಕ್ಕೆ ನಾನು ಸೋದರಮಾವನ ಹೆಡ್‌ಫೋನಿನಲ್ಲಿ ಎಡಗಿವಿಯನ್ನು ಮುಚ್ಚುವ ಬಟ್ಟಲನ್ನು ಬಿಚ್ಚಿದೆ. ಹೊತ್ತು ಬರೆದಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಹದಿನಾರು ವರ್ಷಗಳಿಂದ ವಿದ್ಯಾರ್ಥಿಗಳಿಗೆ ಅದನ್ನೇ ಹೇಳಿಕೊಡುತ್ತಿದ್ದೇನೆ: ದಿನಾಂಕ ಬರೆಯಿರಿ, ಸಮಯ ಬರೆಯಿರಿ, ಮೊದಲು ಅಳೆಯಿರಿ, ಆಮೇಲೆ ಮುಟ್ಟಿ. ಅಂದು ದಿನಾಂಕ ಬರೆದೆ, ಸಮಯ ಬರೆದೆ. ಅಳೆಯುವುದನ್ನು ಮರೆತೆ.

ಮಾವ ಮೂವತ್ತೊಂದು ವರ್ಷ ರೇಡಿಯೋದಲ್ಲಿ ಧ್ವನಿ ಸಂಪಾದಕರಾಗಿದ್ದವರು. ನಿವೃತ್ತರಾದ ಮೇಲೆ ಅವರಿಗೆ ಉಳಿದಿದ್ದು ಒಂದೇ ಕೆಲಸ. ಧ್ವನಿ ಸಂಗ್ರಹಾಲಯದಿಂದ ಸಾಮೂಹಿಕ ಗಾಯನದ ಹಳೆಯ ಟೇಪುಗಳು ಮನೆಗೆ ಬರುತ್ತಿದ್ದವು. ಎಡಗಡೆ ನಿಂತು ಹಾಡಿದವರನ್ನೂ ಬಲಗಡೆ ನಿಂತು ಹಾಡಿದವರನ್ನೂ ಸಮತೂಕಕ್ಕೆ ತಂದು ವಾಪಸು ಕಳಿಸಬೇಕು. ಮೀಟರು ನೋಡಿ ಮಾಡುವ ಕೆಲಸ ಅದಲ್ಲ. ಒಂದು ಕಡೆ ಮೂವರು ಗಂಟಲು ಹರಿಯುವಂತೆ, ಇನ್ನೊಂದು ಕಡೆ ಹನ್ನೆರಡು ಮಂದಿ ಮುಜುಗರದಿಂದ ಹಾಡುತ್ತಿದ್ದರೆ ಯಾವುದು ಸಮ ಎಂದು ಮೀಟರಿನ ಮುಳ್ಳು ಹೇಳಲಾರದು. ಕಿವಿಯೇ ಹೇಳಬೇಕು. ಸಂಗ್ರಹಾಲಯದವರು ನಂಬಿದ್ದು ಮಾವನ ಕಿವಿಯನ್ನು. ಆ ಕೆಲಸ ಹೋದರೆ ಬೆಳಿಗ್ಗೆ ಎದ್ದು ಶರ್ಟು ಹಾಕಿಕೊಳ್ಳಲು ಅವರಿಗೆ ಬೇರೆ ಕಾರಣವಿರಲಿಲ್ಲ.

ಹೆಡ್‌ಫೋನು ಅವರ ಮದುವೆಗಿಂತ ಎರಡು ವರ್ಷ ಹಳೆಯದು. ಸಾಧಾರಣ ಹೆಡ್‌ಫೋನಿನಲ್ಲಿರುವ ಅಯಸ್ಕಾಂತ, ತಂತಿಸುರುಳಿ ಅದರಲ್ಲಿಲ್ಲ. ತೂತು ತೂತಾದ ಎರಡು ಲೋಹದ ತಟ್ಟೆಗಳ ನಡುವೆ ಕೂದಲಿನ ಐವತ್ತರಲ್ಲೊಂದು ಪಾಲು ದಪ್ಪದ ಪ್ಲಾಸ್ಟಿಕ್ ಪೊರೆ. ಪೊರೆಯ ಮೇಲೆ ಐನೂರ ಎಂಬತ್ತು ವೋಲ್ಟ್. ಇದನ್ನು ತಲೆಗೆ ಹಾಕಿಕೊಂಡು ಕೂರಬೇಕು.

"ಎಡಗಡೆ ಪೊರೆ ಸೋತಿದೆ," ಎಂದಿದ್ದರು ಮಾವ. "ಆಂಪ್ಲಿಫೈಯರಲ್ಲಿ ಮೂರು ಸಲ ಎಡಕ್ಕೆ ಜಾಸ್ತಿ ಕೊಟ್ಟೆ. ಇನ್ನು ಕೊಡೋಕೆ ಜಾಗ ಇಲ್ಲ. ನನ್ನ ಕೈ ಈಗ ನಡುಗತ್ತೆ, ನೀನೇ ಹೊಸ ಪೊರೆ ಹಾಕಮ್ಮ."

ಆಂಪ್ಲಿಫೈಯರ್ ಮಾವ ತಾವೇ ಕಟ್ಟಿದ್ದು. ಮುಚ್ಚಳ ತೆಗೆದೆ. ಒಳಗೆ ಪೆನ್ಸಿಲಿನಲ್ಲಿ ಮೂರು ದಿನಾಂಕಗಳು, ವರ್ಷಕ್ಕೊಂದರಂತೆ: ಎಡ +೨, ಎಡ +೪, ಎಡ +೬. ಅದರ ಕೆಳಗೆ, ಒಂದು ರೆಸಿಸ್ಟರ್ ಇರಬೇಕಾದ ಜಾಗದಲ್ಲಿ ತುಂಡು ತಂತಿ.

"ಮಾವ, ಇಲ್ಲಿದ್ದ ರೆಸಿಸ್ಟರ್ ಎಲ್ಲಿ?"

"ತೆಗೆದೆ."

"ಯಾಕೆ?"

"ಅದಿದ್ರೆ ತಾಳದ ಚೂಪು ಹೋಗತ್ತೆ."

"ಅದಿಲ್ದಿದ್ರೆ ನೀವು ಹೋಗ್ತೀರಿ."

ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅತ್ತೆ ತಲೆ ಎತ್ತಲಿಲ್ಲ. "ಒಂದ್ಸಲ ಹೋಗಿ ಬಂದಾಯ್ತು ಕಣೇ. ಕೂದಲೆಲ್ಲ ನೆಟ್ಟಗೆ ನಿಂತ್ಕೊಂಡಿತ್ತು. ಇದ್ದಿದ್ದೇ ನಾಲ್ಕು."

"ಆರು," ಎಂದರು ಮಾವ.

ಆ ರೆಸಿಸ್ಟರ್ ಇದ್ದರೆ, ತಪ್ಪಿ ಕೈ ತಗುಲಿದರೂ ಮೈಯಲ್ಲಿ ಹರಿಯುವ ವಿದ್ಯುತ್ತು ಚುರುಕ್ ಎನ್ನಿಸುವಷ್ಟಕ್ಕೆ ನಿಲ್ಲುತ್ತದೆ. ಪ್ಲಗ್ ಕಿತ್ತು ಹತ್ತು ನಿಮಿಷ ಕಾದೆ. ಕೆಪಾಸಿಟರುಗಳಲ್ಲಿ ಉಳಿದಿದ್ದನ್ನು ಹರಿಸಿ, ಸೊನ್ನೆಯಾಯಿತೆಂದು ಮೀಟರಿನಲ್ಲಿ ಖಚಿತಪಡಿಸಿಕೊಂಡೆ. ಎಡಗೈಯನ್ನು ಬೆನ್ನ ಹಿಂದಿಟ್ಟುಕೊಂಡು ಬಲಗೈಯಲ್ಲಷ್ಟೇ ಕೆಲಸ ಮಾಡಿದೆ. ವಿದ್ಯುತ್ತು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕ ದಾಟಬಾರದು.

"ಮದುವೆ ಮನೇಲಿ ಗಂಡಿನ ಅಪ್ಪ ನಿಂತ ಹಾಗೆ ನಿಂತಿದ್ದೀಯಲ್ಲೇ," ಎಂದರು ಅತ್ತೆ.

ಐದು ಮೆಗಾಓಮಿನ ಹೊಸ ರೆಸಿಸ್ಟರ್ ಕೂರಿಸಿದೆ. ತಲೆಯ ಕಡೆಗೆ ಹೋಗುವ ಉಳಿದ ತಂತಿಗಳಿಗೂ ಒಂದೊಂದು ತಡೆ ಕೊಟ್ಟೆ. ಮಾವ ಎಡಕ್ಕೆ ಕೊಟ್ಟಿದ್ದ ಹೆಚ್ಚಳವನ್ನೆಲ್ಲ ತೆಗೆದು ಎರಡೂ ಕಡೆ ಸಮ ಮಾಡಿದೆ. ಅತ್ತೆಯ ಕಸೂತಿ ಬಳೆಯಲ್ಲಿ ಹೊಸ ಪೊರೆಯನ್ನು ಬಿಗಿದು, ವಿದ್ಯುತ್ತು ಹರಡಿ ನಿಲ್ಲುವಂಥ ದ್ರಾವಣವನ್ನು ಹತ್ತಿಯಲ್ಲಿ ಒರೆಸಿ, ಒಣಗಿಸಿ, ಅಂಟಿಸಿದೆ. ಎರಡು ಶನಿವಾರ, ಒಂದು ಭಾನುವಾರ ಹಿಡಿಯಿತು. ಹಳೆಯ ಪೊರೆ ಚಿಂದಿಯಾಗಿ ಕಸದ ಬುಟ್ಟಿ ಸೇರಿತು.

ಎಲ್ಲ ಮುಗಿದ ಮೇಲೆ ಮೈಕ್ ಇಟ್ಟು ಅಳೆದೆ. ಎಡಕ್ಕೂ ಬಲಕ್ಕೂ ಇದ್ದ ವ್ಯತ್ಯಾಸ ೦.೨ ಡೆಸಿಬೆಲ್. ಅಂಕಿಯನ್ನು ಮಾವನಿಗೆ ತೋರಿಸಿದೆ. ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು.

ಅವರು ಹೆಡ್‌ಫೋನ್ ಹಾಕಿಕೊಂಡು ಒಂದು ಟೇಪು ಕೇಳಿದರು. ಮುಖದಲ್ಲಿ ಏನೂ ಕಾಣಲಿಲ್ಲ. ತೆಗೆದಿಟ್ಟು, "ಸರಿಯಾಗಿದೆ," ಎಂದರು.

ಅವರು ಒಳಗೆ ಹೋದ ಮೇಲೆ ಅತ್ತೆ ಯಂತ್ರ ನಿಲ್ಲಿಸಿದರು. "ನಾನು ಮಾಡಿದ ಅಡುಗೇನ ಮೂವತ್ತಾರು ವರ್ಷದಲ್ಲಿ ಒಂದ್ಸಲಾನೂ ಸರಿಯಾಗಿದೆ ಅಂದವರಲ್ಲ ಇವರು. ಏನೋ ಎಡವಟ್ಟಾಗಿದೆ."

ಆಗಿತ್ತು. ಹೊಸ ಪೊರೆಯಲ್ಲಿ ಕೇಳಿ ಸರಿಮಾಡಿದ ಒಂದು ಟೇಪನ್ನು ಮಾವ ಕಳಿಸಿದ್ದರು. ಮುಂದಿನ ಬುಧವಾರ ಸಂಗ್ರಹಾಲಯದ ಮೇಲ್ವಿಚಾರಕಿ ಫೋನ್ ಮಾಡಿದರು. ಮಾವ ಸ್ನಾನಕ್ಕೆ ಹೋಗಿದ್ದರಿಂದ, ಕಾಲೇಜಿಗೆ ರಜೆಯೆಂದು ಬಂದಿದ್ದ ನಾನು ಎತ್ತಿಕೊಂಡೆ.

"ಮೂರು ವರ್ಷದಲ್ಲಿ ಒಂದೂ ತಕರಾರಿಲ್ಲ ನೋಡಿ," ಎಂದರು ಆಕೆ. "ಈ ಟೇಪಲ್ಲಿ ಮಾತ್ರ ಎಡಗಡೆ ಹಾಡೋರೆಲ್ಲ ನನ್ನ ಮೇಜಿನ ಮೇಲೆ ಹತ್ತಿ ಕೂತಿದ್ದಾರೆ. ಬಲಗಡೆಯವರು ಇನ್ನೂ ಬಸ್ಸಲ್ಲಿದ್ದಾರೆ. ಸರ್ ಆರೋಗ್ಯ ಚೆನ್ನಾಗಿದೆ ತಾನೆ?"

ಚೆನ್ನಾಗಿದೆ ಎಂದೆ. ಫೋನ್ ಇಟ್ಟ ಮೇಲೆ ನನಗೆ ಹೊಳೆದಿದ್ದು ಆ ಮೂರು ಪೆನ್ಸಿಲ್ ದಿನಾಂಕಗಳು. ಹಳೆಯ ಪೊರೆ ಸೋತಿತ್ತೆಂದು ನನಗೆ ಹೇಳಿದ್ದು ಯಾವ ಮೀಟರೂ ಅಲ್ಲ, ಮಾವ. ಬಿಚ್ಚುವ ಮೊದಲು ಅಳೆದಿದ್ದರೆ ಗೊತ್ತಾಗುತ್ತಿತ್ತು. ಈಗ ಅಳೆಯಲು ಹಳೆಯ ಪೊರೆಯೂ ಇರಲಿಲ್ಲ.

ಮಾವ ಬಂದು ಕೂತ ಮೇಲೆ ಹೇಳಿದೆ: "ಎರಡೂ ಕಡೆಗೆ ಒಂದೇ ಹದದ ಒಂದು ನಾದ ಹಾಕ್ತೀನಿ. ಹೆಡ್‌ಫೋನ್ ಎಡಬಲ ಅದಲುಬದಲು ಮಾಡಿ ಹಾಕ್ಕೊಳ್ಳಿ."

ಅವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿದರು. "ಇದನ್ನ ಮೂರು ವರ್ಷದಿಂದ ಮಾಡಿಲ್ಲ," ಎಂದರು.

"ಯಾಕೆ ಮಾವ?"

"ಎರಡೇ ನಿಮಿಷದಲ್ಲಿ ಗೊತ್ತಾಗಿಬಿಡತ್ತೆ, ಅದಕ್ಕೆ."

ಹಾಕಿಕೊಂಡರು. ನಾದ ಕೇಳಿಸಿದೆ. ಯಾವ ಕಡೆ ಸಣ್ಣಗಿದೆ ಎಂದು ಕೇಳಿದಾಗ ಬೆರಳೆತ್ತಿ ಎಡಗಿವಿಯನ್ನು ಮುಟ್ಟಿದರು. ಆ ಕಿವಿಯ ಮೇಲೆ ಆಗ ಇದ್ದದ್ದು ಬಲಗಡೆಯ ಬಟ್ಟಲು.

ಸೋತದ್ದು ಪೊರೆಯಲ್ಲ, ಕಿವಿ. ಮೂರು ವರ್ಷ ಮಾವ ಎಡಕ್ಕೆ ಕೊಡುತ್ತಾ ಬಂದ ಹೆಚ್ಚಳ ಕಿವಿಯ ಕೊರತೆಯನ್ನು ತುಂಬುತ್ತಾ ಬಂದಿತ್ತು. ಹಾಗಾಗಿ ಸೊಟ್ಟ ಯಂತ್ರದಿಂದ ನೆಟ್ಟಗಿನ ಕೆಲಸ ಹೊರಬರುತ್ತಿತ್ತು. ನಾನು ಯಂತ್ರವನ್ನು ನೆಟ್ಟಗೆ ಮಾಡಿ ಕೆಲಸವನ್ನು ಸೊಟ್ಟ ಮಾಡಿದೆ.

"ನನಗನ್ನಿಸಿತ್ತು," ಎಂದರು ಅತ್ತೆ. "ಎಡಗಡೆ ನಿಂತು ಏನು ಕೇಳಿದ್ರೂ ಉತ್ತರ ಬರ್ತಿರ್ಲಿಲ್ಲ. ಬೇಕಂತ್ಲೇ ಮಾಡ್ತಾರೆ ಅಂದ್ಕೊಂಡಿದ್ದೆ."

"ಅರ್ಧ ಬೇಕಂತ್ಲೇ," ಎಂದರು ಮಾವ. ಆಮೇಲೆ ನನ್ನ ಕಡೆ ತಿರುಗಿ, ಅದೇ ದನಿಯಲ್ಲಿ, "ಮೊದಲಿದ್ದ ಹಾಗೇ ಮಾಡಿಬಿಡು. ಆರು ಕೊಡು. ಯಾರಿಗೂ ಗೊತ್ತಾಗಲ್ಲ."

ಹತ್ತು ನಿಮಿಷದ ಕೆಲಸ. "ಕೊಡ್ತೀನಿ," ಎಂದೆ. "ಆದ್ರೆ ಕಿವಿ ಇನ್ನಷ್ಟು ಇಳಿದಾಗ ನಿಮಗೆ ಹೇಗೆ ಗೊತ್ತಾಗತ್ತೆ?"

"ಎಡ ಸಣ್ಣಗಾದಾಗ."

"ಅಷ್ಟೊತ್ತಿಗೆ ಎಷ್ಟು ಟೇಪು ಹೋಗಿರತ್ತೆ?"

ಮೂವತ್ತೊಂದು ವರ್ಷ ಬೇರೆಯವರ ಟೇಪಿನಲ್ಲಿ ತಪ್ಪು ಹುಡುಕಿದವರು ಮಾವ; ಲೆಕ್ಕ ಅವರಿಗೆ ನನಗಿಂತ ಬೇಗ ಸಿಕ್ಕಿತ್ತು. ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳುತ್ತಾರೆ ಅಂದುಕೊಂಡೆ. ಕಾಗದ, ಪೆನ್ನು ಹಿಡಿದು ವಾಪಸು ಬಂದರು.

"ಆರು ಅಂದಾಜಿನ ಅಂಕಿ," ಎಂದರು. "ಬರೆಯೋದಾದ್ರೆ ಅಳೆದು ಬರೀಬೇಕು. ನೀನು ಮೇಷ್ಟ್ರು ತಾನೆ?"

ಅಂದು ಮಧ್ಯಾಹ್ನ ಅವರನ್ನು ಕಣ್ಣು ಮುಚ್ಚಿಸಿ ಕೂರಿಸಿದೆ. ತಿರುಪು ಅವರ ಕೈಗೆ, ಅಂಕಿ ನನ್ನ ಕಣ್ಣಿಗೆ. ನಾದ ತಲೆಯ ನಟ್ಟನಡುವೆ ಬಂತೆನ್ನಿಸಿದಾಗ ನಿಲ್ಲಿಸಬೇಕು. ಹತ್ತು ಸಲ ಮಾಡಿದೆವು. ಪ್ರತಿ ಸಲ ಶುರುವಿನ ಜಾಗವನ್ನು ನಾನು ಕೆಡಿಸಿಡುತ್ತಿದ್ದೆ. ಸರಾಸರಿ ೬.೪ ಬಂತು. ಎಡಕ್ಕೆ ಅಷ್ಟನ್ನೇ ಕೊಟ್ಟೆ. ತಡೆಯ ರೆಸಿಸ್ಟರುಗಳನ್ನು ಮುಟ್ಟಲಿಲ್ಲ; ಮಾವನೂ ತಾಳದ ಚೂಪಿನ ವಿಷಯ ಎತ್ತಲಿಲ್ಲ. ಮರುದಿನ ಅತ್ತೆ ಅವರನ್ನು ಕಿವಿ ಡಾಕ್ಟರ ಹತ್ತಿರ ಕರೆದೊಯ್ದರು. ವಯಸ್ಸಿನದು, ಮಾಡುವಂಥದ್ದೇನಿಲ್ಲ, ಆರು ತಿಂಗಳಿಗೊಮ್ಮೆ ಬಂದು ಪರೀಕ್ಷೆ ಮಾಡಿಸಿ ಎಂದರಂತೆ ಡಾಕ್ಟರು.

ಕಾಗದವನ್ನು ಮಾವನೇ ಬರೆದರು. ನನ್ನ ಎಡಗಿವಿ ೬.೪ ಡೆಸಿಬೆಲ್ ಹಿಂದಿದೆ. ಯಂತ್ರ ಅದನ್ನು ಸರಿದೂಗಿಸುತ್ತಿದೆ. ನನ್ನ ಮಾತಿನ ಮೇಲೆ ಇದನ್ನು ನಂಬಬೇಕಾಗಿಲ್ಲ. ಚೆನ್ನಾಗಿರುವ ಒಂದು ಟೇಪನ್ನು ನೀವೇ ಗುಟ್ಟಾಗಿ ಒಂದು ಕಡೆಗೆ ವಾಲಿಸಿ ಪ್ರತಿ ತಿಂಗಳ ಕಟ್ಟಿನಲ್ಲಿ ಸೇರಿಸಿ. ನಾನು ಸರಿ ಮಾಡಿ ಕಳಿಸಿದ್ದನ್ನು ಮೂಲದ ಜೊತೆ ಹೋಲಿಸಿ ಅಳೆಯಿರಿ. ವ್ಯತ್ಯಾಸ ಒಂದು ಡೆಸಿಬೆಲ್ ದಾಟಿದ ದಿನ ಟೇಪು ಕಳಿಸುವುದನ್ನು ನಿಲ್ಲಿಸಿ.

ಅತ್ತೆ ಓದಿ ನೋಡಿದರು. "ನನಗೆ ಬರೆದ ಕಾಗದಗಳಲ್ಲಿ ಇಷ್ಟು ನಿಜ ಇರ್ಲಿಲ್ಲ."

"ಆಗ ಅಳೆಯೋ ಸಾಮಾನು ಇರ್ಲಿಲ್ಲ," ಎಂದರು ಮಾವ.

ಮೇಲ್ವಿಚಾರಕಿ ಒಪ್ಪಿದರು. ಏಪ್ರಿಲ್ ಮೊದಲ ವಾರ ಐದು ಟೇಪುಗಳ ಕಟ್ಟು ಬಂತು. ಮಾವ ಶರ್ಟು ಹಾಕಿಕೊಂಡು ಹನ್ನೊಂದು ದಿನ ಕೂತರು. ಯಾವುದು ವಾಲಿಸಿದ ಟೇಪು ಎಂದು ಊಹಿಸಲು ಹೋಗಲಿಲ್ಲ. ಊಹಿಸಿದರೆ ಅದಕ್ಕೆ ಮಾತ್ರ ಹೆಚ್ಚು ಮರ್ಯಾದೆ ಕೊಟ್ಟಂತಾಗುತ್ತದೆ ಎಂದರು. ಕಟ್ಟು ವಾಪಸು ಹೋಯಿತು. ನಾಲ್ಕನೆಯ ದಿನ ಫೋನ್ ಬಂತು. ಮಾವ ಅದನ್ನು ಬಲಗಿವಿಗೆ ಹಿಡಿದು ಕೇಳಿಸಿಕೊಂಡರು, "ಸರಿ, ಮುಂದಿನ ಕಟ್ಟು ಕಳಿಸಿ," ಎಂದರು. ಇಟ್ಟ ಮೇಲೆ ವಾಲಿಸಿದ ಟೇಪಿನಲ್ಲಿ ಉಳಿದ ವ್ಯತ್ಯಾಸವನ್ನು ನಮ್ಮಿಬ್ಬರಿಗೂ ಹೇಳಿದರು.

೦.೯ ಡೆಸಿಬೆಲ್.