ಹನ್ನೆರಡು ಮೊಟ್ಟೆ, ಮೂವತ್ತನಾಲ್ಕು ಡಿಗ್ರಿ

ಭಾವ ಮೊಟ್ಟೆ ಕದಿಯುತ್ತಾರೆ ಎಂಬ ಅನುಮಾನ ನನಗೆ ಬಂದದ್ದು ಸೋಮವಾರ. ಗುರುವಾರದ ದೋಣಿಗೆ ಇಲಾಖೆಯ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅಷ್ಟರೊಳಗೆ ನಾನು ವರದಿ ಬರೆದಿಡಬೇಕು. ಭಾವನ ಹೆಸರು ಬರೆದರೆ ಅಕ್ಕನ ಸಂಸಾರ ಬೀದಿಗೆ ಬರುತ್ತದೆ. ಬರೆಯದೆ ಸಿಕ್ಕಿಬಿದ್ದರೆ ನಾನೇ ಬೀದಿಗೆ ಬರುತ್ತೇನೆ.

ನಾವಿರುವುದು ಬೆಳಿಗ್ಗೆ ಹೊರಟರೆ ತಿಂಡಿಯ ಹೊತ್ತಿಗೆ ಒಂದು ಸುತ್ತು ಮುಗಿಯುವಷ್ಟು ಸಣ್ಣ ದ್ವೀಪ. ನಡುವೆ ಸದಾ ಹೊಗೆಯಾಡುವ ಬೆಟ್ಟ. ಅದರಿಂದ ಎಂದೋ ಹರಿದು ಬಂದು ಮಡಿಕೆಮಡಿಕೆಯಾಗಿ ಹೆಪ್ಪುಗಟ್ಟಿದ ಕಪ್ಪು ಕಲ್ಲು, ಅಂಚಿಗೆ ಕಪ್ಪು ಮರಳು. ಗಾಳಿ ಇತ್ತ ತಿರುಗಿದರೆ ಒಗೆದ ಬಟ್ಟೆಗೂ ಗಂಧಕದ ವಾಸನೆ. ಇಲ್ಲೊಂದು ಹಕ್ಕಿಯಿದೆ. ನೋಡಲು ಕೋಳಿಯಂತಿದ್ದರೂ ಕಾವಿಗೆ ಕೂರುವ ತಾಳ್ಮೆ ಅದಕ್ಕಿಲ್ಲ. ಬೆಟ್ಟದ ಬಿಸಿಗೆ ಕಾದ ಮರಳನ್ನು ಕೆದರಿ, ತೋಳುದ್ದದ ಗುಂಡಿಯಲ್ಲಿ ಒಂದೇ ಒಂದು ಮೊಟ್ಟೆಯಿಟ್ಟು, ಮುಚ್ಚಿ, ಹೊರಟುಬಿಡುತ್ತದೆ. ಮರಿ ತಾನೇ ಒಡೆದು, ತಾನೇ ಅಗೆದು, ತಾನೇ ಓಡುತ್ತದೆ.

“ಇಂಥಾ ಅಮ್ಮ ಸಿಕ್ಕಿದ್ರೆ ನಾವೂ ಬೇಗ ಉದ್ಧಾರ ಆಗ್ತಿದ್ವಿ” ಎಂದು ಅಕ್ಕ ನಗುತ್ತಾಳೆ.

ಈ ಹಕ್ಕಿಯನ್ನು ಕಾಯಲೆಂದೇ ಇಲ್ಲೊಂದು ಸರಕಾರಿ ಠಾಣೆ; ಅದರಲ್ಲಿ ಮೊಟ್ಟೆ ಎಣಿಸುವುದು ನನ್ನ ಕೆಲಸ. ಉದ್ದ ಹಿಡಿಯ ಕುಂಚದಿಂದ ಮರಳು ಸರಿಸಿ, ಮೊಟ್ಟೆಯ ನೆತ್ತಿ ಕಂಡೊಡನೆ ಮತ್ತೆ ಮುಚ್ಚಬೇಕು. ಕೈ ತಾಗಿಸಿದವರ ಕೆಲಸ ಅವತ್ತೇ ಹೋಯಿತು, ಅಷ್ಟು ಬಿಗಿ ನಿಯಮ. ಮರಳಿನ ಬಿಸಿ ಅಳೆದು ಪುಸ್ತಕದಲ್ಲಿ ಬರೆಯುವುದು ಭಾವನ ಕೆಲಸ. ಅಡುಗೆ ಅಕ್ಕನದು.

ಸೋಮವಾರ ಮೂರು ಗುಂಡಿ ಖಾಲಿ. ಮಂಗಳವಾರಕ್ಕೆ ಏಳು, ಬುಧವಾರ ಬೆಳಿಗ್ಗೆಗೆ ಹನ್ನೆರಡು. ಉಡ ತಿಂದಿದ್ದರೆ ಬಾಲ ಎಳೆದ ಗೆರೆ ಇರಬೇಕಿತ್ತು. ಅದಿರಲಿಲ್ಲ. ಮರಳನ್ನು ಯಾರೋ ಅಂಗೈಯಿಂದ ನೀಟಾಗಿ ಸವರಿದ್ದರು. ಉಡಕ್ಕೆಲ್ಲಿಯ ಅಷ್ಟು ಶಿಸ್ತು?

ಬುಧವಾರ ತಿಂಡಿಗೆ ಆಮ್ಲೆಟ್. ನಾನು ಚಮಚದಲ್ಲಿ ಅದರ ಮಡಿಕೆ ಎತ್ತಿ ನೋಡಿದೆ.

“ಏನೇ ಅದು, ಒಳಗೆ ಚಿನ್ನ ಇದೆಯಾ?” ಎಂದಳು ಅಕ್ಕ.

“ಯಾವ ಮೊಟ್ಟೆ ಇದು?”

“ಕೋಳೀದು ಕಣೇ! ಹೋದ ವಾರದ ದೋಣೀಲಿ ಬಂದಿದ್ದು. ರಸೀತಿ ಬೇಕಾ?”

ಭಾವ ತಲೆಯೆತ್ತಲಿಲ್ಲ. ಅವರ ಉಗುರುಗಳ ಸಂದಿಯಲ್ಲಿ ಕಪ್ಪು ಮರಳಿತ್ತು. ಥರ್ಮಾಮೀಟರ್ ಚುಚ್ಚುವುದಕ್ಕೆ ಉಗುರು ಯಾಕೆ ಬೇಕು? ಅವರ ಪುಸ್ತಕ ತೆರೆದು ನೋಡಿದೆ. ದಿನವೂ ಮೂವತ್ತನಾಲ್ಕು ಡಿಗ್ರಿ. ಅಲ್ಲೇನೂ ತಪ್ಪು ಕಾಣಲಿಲ್ಲ.

ಗುರುವಾರ ಬೆಳಿಗ್ಗೆ ಭಾವ ಬುಟ್ಟಿಯ ಮೇಲೆ ಹಳೆಯ ಅಂಗಿ ಮುಚ್ಚಿಕೊಂಡು ಹೊರಟರು. ನಾನು ಹಿಂದೆಯೇ ಹೋದೆ. ಕಲ್ಲಿನ ಮೇಲೆ ಚಪ್ಪಲಿ ಸದ್ದಾಗುತ್ತದೆಂದು ಕೈಯಲ್ಲಿ ಹಿಡಿದುಕೊಂಡೆ, ಅಂಗಾಲು ಸುಲಿದುಹೋಯಿತು. ಕಲ್ಲಿನ ಬಿರುಕಿನಿಂದ ಹಬೆ ಏಳುವ ಕಡೆ, ಜರೀಗಿಡಗಳ ಮರೆಯಲ್ಲಿ, ಅವರು ಮಂಡಿಯೂರಿದ್ದರು. ಬುಟ್ಟಿಯ ಮರಳಿನಲ್ಲಿ ಒಂದು ಮೊಟ್ಟೆ, ನೆತ್ತಿಯ ಮೇಲೆ ಪೆನ್ಸಿಲ್ ಗುರುತು.

“ಭಾವ!”

ಅವರು ಬೆಚ್ಚಿದರು. ಮೊಟ್ಟೆಯನ್ನು ಮಾತ್ರ ಅಲುಗಿಸಲಿಲ್ಲ. “ಮೆಲ್ಲಗೆ ಮಾತಾಡು. ಮೇಲ್ಮುಖ ಇದ್ದದ್ದು ಮೇಲ್ಮುಖಾನೇ ಇರಬೇಕು. ತಿರುಗಿದ್ರೆ ಒಳಗಿನ ಮರಿ ಸಾಯುತ್ತೆ.”

“ಎಷ್ಟಕ್ಕೆ ಮಾರ್ತೀರಿ?”

“ಥೂ ನಿನ್ನ! ಕೆಳಗೆ ದಡದ ಮರಳು ತಣ್ಣಗಾಗಿದೆ ಕಣೇ. ತಿಂಗಳಾಯ್ತು. ಬೆಟ್ಟದ ಬಿಸಿ ಈ ಕಡೆ ಸರಿದಿದೆ. ಆ ಪೆದ್ದು ಹಕ್ಕಿಗಳಿಗೆ ಗೊತ್ತಾಗಿಲ್ಲ.”

“ಪುಸ್ತಕದಲ್ಲಿ ಮೂವತ್ತನಾಲ್ಕು ಇದೆ.”

ಭಾವನ ಮುಖ ಸಣ್ಣದಾಯಿತು. “ಹಿಂದಿನ ದಿನದ್ದೇ ನೋಡಿ ಬರೆದೆ. ತಣ್ಣಗಾಯ್ತು ಅಂದ್ರೆ ಠಾಣೆ ಮುಚ್ತಾರೆ. ಆಮೇಲೆ ನಿಮ್ಮಕ್ಕನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ?”

“ಸುಳ್ಳು ಬರೆದವರ ಮಾತು ನಂಬೋದು ಹೇಗೆ?”

ಅವರು ಬುಟ್ಟಿಯ ಮೊಟ್ಟೆಯನ್ನು ಕೊನೆಯ ಗುಂಡಿಗಿಳಿಸಿ ಮುಚ್ಚಿದರು. “ಅಗೆದು ನೋಡು. ಇದೂ ಸೇರಿ ಹನ್ನೆರಡಿವೆ ಇಲ್ಲಿ. ಒಂದು ದಾರೀಲಿ ಒಡೀತು, ಅದು ನನ್ನ ತಪ್ಪು.”

ಒಂದು ಒಡೆಯಿತಂತೆ. ಅದು ಆಮ್ಲೆಟ್‌ಗೆ ಸೇರಿತೋ ಏನೋ! ಕುಂಚ ತಂದಿರಲಿಲ್ಲ. ಗುಂಡಿಯೊಳಗೆ ಭುಜದವರೆಗೂ ತೋಳು ತೂರಿಸಿದೆ. ಮರಳು ಬೆಚ್ಚಗಿತ್ತು, ಯಾರೋ ಆಗತಾನೆ ಎದ್ದುಹೋದ ಹಾಸಿಗೆಯೊಳಗೆ ಕೈಯಿಟ್ಟಂತೆ. ಬೆರಳಿಗೆ ನುಣುಪಾದ ಮೊಟ್ಟೆ ತಾಗಿತು. ಒಂದಾದ ಮೇಲೊಂದು ಗುಂಡಿಗೆ ಕೈಹಾಕಿ ಹನ್ನೆರಡನ್ನೂ ಎಣಿಸಿದೆ. ಕೊನೆಯದನ್ನು ಎಣಿಸಿದಾಗಲೇ ಹೊಳೆದದ್ದು: ಕಳ್ಳನನ್ನು ಹಿಡಿಯಲು ಬಂದವಳು ಹನ್ನೆರಡು ಸಲ ನಿಯಮ ಮುರಿದಿದ್ದೆ.

ಭಾವನಿಗೂ ಹೊಳೆಯಿತು. “ಹೋಯ್ತು ನಿಂದೂ ಕೆಲಸ” ಎಂದರು, ಮೆಲ್ಲಗೆ.

ದೋಣಿ ಕೂಗಿತು. ಓಡಿಹೋಗಿ ಪುಸ್ತಕ ತಂದು ಅವರ ಮುಂದೆ ಹಿಡಿದೆ. “ಕೆಳಗೆ ನಿಜವಾಗಿ ಎಷ್ಟಿದೆಯೋ ಅಷ್ಟು ಬರೀರಿ. ಇಲ್ಲಿಯದೂ ಬರೀರಿ.” ಅವರು ಇಪ್ಪತ್ತಾರು ಎಂದು ಬರೆದರು, ಅದರ ಕೆಳಗೆ ಮೂವತ್ತನಾಲ್ಕು. ತಿಂಗಳಿಂದ ಬರೆದದ್ದು ಸುಳ್ಳು, ಹನ್ನೆರಡು ಮೊಟ್ಟೆ ಜಾಗ ಬದಲಾಯಿಸಿವೆ ಎಂದು ನಾನು ಸೇರಿಸಿದೆ.

ಸಾಹೇಬರು ಅದನ್ನು ಎರಡು ಸಲ ಓದಿದರು. ನನ್ನ ತೋಳಿನ ಮರಳನ್ನು ನೋಡಿದರು.

“ಮುಟ್ಟಿದ್ದು ಯಾರು?”

ಭಾವ ಬಾಯಿ ತೆರೆಯುವ ಮೊದಲೇ ನಾನೆಂದೆ: “ಇಬ್ಬರೂ.”

ಸಾಹೇಬರು ಭಾವನತ್ತ ತಿರುಗಿದರು. “ತಿಂಗಳಿಡೀ ಸುಳ್ಳು ಬರೆದವರು ನೀವು. ಇದೊಂದು ನಿಜ ಅಂತ ನಾನು ಹೇಗೆ ನಂಬಲಿ? ಜಾಗ ತೋರಿಸಿ.”

ಜರೀಗಿಡಗಳ ಹತ್ತಿರ ಅವರು ಕೈಗಡಿಯಾರ ಬಿಚ್ಚಿ ಭಾವನಿಗೆ ಕೊಡಹೋದವರು, ಏನನ್ನಿಸಿತೋ, ತಮ್ಮ ಜೇಬಿಗೇ ಹಾಕಿಕೊಂಡರು. ಅಂಗಿಯ ತೋಳು ಮಡಚಿ ಮಂಡಿಯೂರಿ ಗುಂಡಿಗೆ ಕೈಹಾಕಿದರು. ಅವರ ಹುಬ್ಬು ಮೆಲ್ಲಗೆ ಮೇಲೇರಿತು.

“ಇದೆ” ಎಂದರು. “ಒಳಗೆ ಏನೋ ಕುಟ್ಟುತ್ತಾ ಇದೆ!”

ಅನಂತರ ಕೈಯನ್ನು ಹೊರಗೆ ತೆಗೆಯದೆಯೇ ತಲೆ ತಿರುಗಿಸಿ ದಡದ ಕಡೆ ನೋಡಿದರು.

“ದೋಣಿಯವನಿಗೆ ನಾನು ಕಾಣ್ತಿಲ್ಲ ತಾನೆ?”