ಅಡಿಯ ಪದರ

"ಕಣ್ಣು ಮುಚ್ಚಬೇಡ. ಮೇಲೆ ನೋಡು, ಆ ಬಲ್ಬ್ ನೋಡು," ಎನ್ನುತ್ತ ಅವಳು ಹುಡುಗಿಯ ಗಲ್ಲ ಹಿಡಿದು ಮುಖ ಎತ್ತಿದಳು. ಬಿಳಿ ಬಣ್ಣ ಬಳಿದು ಆಗಿತ್ತು. ಇನ್ನು ಕಾಡಿಗೆಯನ್ನು ಕಣ್ಣಿನ ಅಂಚಿನಿಂದ ಕೆನ್ನೆಯ ಮೇಲೆ ಇಳಿಸಬೇಕಿತ್ತು. ಅತ್ತು ಅತ್ತು ಕರಗಿದ ಹಾಗೆ ಕಾಣಬೇಕು, ಆದರೆ ಅತ್ತವಳ ಗತ್ತು ಮಾತ್ರ ಹಾಗೇ ಇರಬೇಕು.

"ಅಕ್ಕಾ, ಕಚಗುಳಿ ಇಟ್ಟ ಹಾಗಾಗುತ್ತೆ."

"ಸತ್ತ ರಾಣಿಗೆ ಕಚಗುಳಿ ಆಗಲ್ಲ. ಸುಮ್ನೆ ಕೂತ್ಕೋ."

ಸ್ಟುಡಿಯೋದ ಮೂಲೆಯಲ್ಲಿ ಅವಳ ಗಂಡ ಇವರಿಗೆ ಬೆನ್ನು ಹಾಕಿ ಕ್ಯಾಮೆರಾಕ್ಕೆ ರೀಲು ತುಂಬುತ್ತಿದ್ದ. ಬಾಯಲ್ಲಿ ಸಿಳ್ಳೆ. ಬೆಳಗಿನಿಂದ ಅವನ ಕಾಲು ನೆಲದ ಮೇಲಿರಲಿಲ್ಲ.

ಹೊಟ್ಟೆಪಾಡಿಗೆ ಅವನು ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದ. ಹುಚ್ಚು ಮಾತ್ರ ಬೇರೆ. ಕಪ್ಪು ಪರದೆ, ಕಪ್ಪು ಬಟ್ಟೆ, ಮೇಣದ ಬತ್ತಿ, ಸುಣ್ಣದಂಥ ಮುಖ. ರೀಲನ್ನು ಚಹಾದ ನೀರಿನಲ್ಲಿ ಕುದಿಸುವುದು, ನಿಂಬೆರಸದಲ್ಲಿ ನೆನೆಹಾಕುವುದು, ಸೂಜಿಯಿಂದ ಗೀಚುವುದು. ಎಲ್ಲಕ್ಕಿಂತ ಅವನಿಗೆ ಇಷ್ಟವಾದದ್ದು ಒಂದೇ ರೀಲಿನ ಮೇಲೆ ಎರಡು ಸಲ ಫೋಟೋ ತೆಗೆಯುವುದು. ಮೊದಲು ಸುಣ್ಣ ಉದುರಿದ ಗೋಡೆಯನ್ನೋ ಒಣಗಿದ ಮರವನ್ನೋ ತೆಗೆದು, ರೀಲನ್ನು ಹಿಂದಕ್ಕೆ ಸುತ್ತಿ, ಅದರ ಮೇಲೆಯೇ ಮನುಷ್ಯರ ಮುಖ ತೆಗೆಯುತ್ತಿದ್ದ. ಗೋಡೆ, ಮರಗಳಿಗೆ ಅವನು ಇಟ್ಟ ಹೆಸರು ಅಡಿಯ ಪದರ. ನೋಡಿದವರು "ದೆವ್ವದ ಥರ ಇದೆ" ಎಂದರೆ ಅದನ್ನೇ ಹೊಗಳಿಕೆ ಎಂದುಕೊಂಡು ಬೀಗುತ್ತಿದ್ದ.

ಇಷ್ಟು ವರ್ಷ ಆ ಮುಖ ಹೆಂಡತಿಯದೇ ಆಗಿತ್ತು. ಈಗ ಒಬ್ಬ ಗ್ಯಾಲರಿಯವನು ಪ್ರದರ್ಶನ ಮಾಡೋಣ ಎಂದದ್ದೇ ತಡ, "ನಿನ್ನ ಮುಖ ಎಲ್ಲರೂ ನೋಡಿಬಿಟ್ಟಿದ್ದಾರೆ ಕಣೇ," ಎಂದ. ಆ ಎಲ್ಲರೂ ಅಂದರೆ ಮನೆ ಮಾಲೀಕ ಮತ್ತು ಹಾಲಿನವನು. ನಾಟಕ ಕಲಿಯುತ್ತಿದ್ದ ಈ ಹುಡುಗಿಯನ್ನು ಎಲ್ಲಿಂದಲೋ ಹುಡುಕಿ ತಂದ. ಹುಡುಗಿಗೆ ಬಣ್ಣ ಹಚ್ಚುವ ಕೆಲಸ ಹೆಂಡತಿಗೆ ಉಳಿಯಿತು.

"ಆವತ್ತು ನಾಟಕದಲ್ಲಿ ನೀನು ಹಾಕ್ಕೊಂಡಿದ್ಯಲ್ಲ, ಹಾಗೇ ಇರ್ಲಿ," ಎಂದಿದ್ದ. ಅಷ್ಟಕ್ಕೇ ಅವಳ ಸಿಟ್ಟು ಇಳಿದುಹೋಗಿತ್ತು. ಇವನಿಗೆ ನೆನಪಿದೆಯಲ್ಲ ಎಂದು ಖುಷಿಯಾಗಿತ್ತು, ಪಾಪ.

ಹಿಂದೆ ಇದ್ದ ನಾಟಕದ ಕಂಪನಿಯಲ್ಲಿ ಅವಳನ್ನು ಎಲ್ಲರೂ ಮೂರನೇ ಸಖಿ ಎಂದೇ ಕರೆಯುತ್ತಿದ್ದರು. ಯಾವ ನಾಟಕವಾದರೂ ಅವಳ ಪಾತ್ರ ಅದೇ. ಒಂದು ಸಂಜೆ ಮಾತ್ರ, ರಾಣಿಯ ಪಾತ್ರದವಳ ಗಂಟಲು ಕೈಕೊಟ್ಟು, ಮಾತೆಲ್ಲ ಬಾಯಿಪಾಠವಿದ್ದ ಇವಳನ್ನು ರಂಗಕ್ಕೆ ತಳ್ಳಿದರು. ಆ ಸಂಜೆ ಅವಳು ಹೇಗೆ ನಟಿಸಿದಳೆಂದರೆ, ಪರದೆ ಬಿದ್ದ ಮೇಲೂ ಜನ ಎದ್ದು ಹೋಗಲಿಲ್ಲ. ಮರುದಿನ ಆ ಗಂಟಲು ಸರಿಯಾಯಿತು. ಕೆಲವೇ ದಿನಗಳಲ್ಲಿ ಕಂಪನಿಯೂ ಮುಚ್ಚಿತು.

ಆ ಸಂಜೆ ರಂಗದ ಪಕ್ಕ ನಿಂತು ಫೋಟೋ ತೆಗೆದವನು ಇವನೊಬ್ಬನೇ, ಅದೂ ಒಂದೇ ರೀಲು. ಬೆಳಕು ಕಡಿಮೆಯಿತ್ತು, ಅವಸರದಲ್ಲಿ ತೊಳೆದರೆ ಕೆಡುತ್ತದೆ ಎಂದು ಫ್ರಿಜ್ಜಿನಲ್ಲಿ ಬೆಣ್ಣೆ ಡಬ್ಬಿಯ ಹಿಂದೆ ಇಟ್ಟ. ಆಮೇಲೆ ಸರಿಯಾದ ರಾಸಾಯನಿಕ ಸಿಗಲಿಲ್ಲ. ಸಿಕ್ಕಾಗ ಕೆಲಸವಿತ್ತು. ಅವಳು ಕೇಳಿದಾಗಲೆಲ್ಲ ಒಂದು ನೆಪ ಸಿದ್ಧವಿರುತ್ತಿತ್ತು. "ಫೋಟೋದವನ ಹೆಂಡ್ತಿ ನೀನು, ರಾಣಿ ಆಗಿದ್ದೆ ಅಂತೀಯ, ಒಂದು ಫೋಟೋನಾದ್ರೂ ಬೇಡ್ವಾ?" ಎಂದು ನಾದಿನಿ ನಗುತ್ತಿದ್ದಳು. "ಇದೆ, ಇನ್ನೂ ತೊಳೆದಿಲ್ಲ ಅಷ್ಟೆ," ಎಂದು ಇವಳು ಹೇಳುತ್ತಿದ್ದಳು. ಆ ಸಂಜೆ ನಡೆದದ್ದು ನಿಜ ಎನ್ನುವುದಕ್ಕೆ ಅವಳ ಬಳಿ ಇದ್ದದ್ದು ಅದೊಂದೇ.

ಹುಡುಗಿಯ ಫೋಟೋ ತೆಗೆದು ಮುಗಿಸಿ, ಅವನೇ ರೀಲು ತೊಳೆದು ಒಣಗಿಸಿದ. ಮಧ್ಯಾಹ್ನ ಗಂಡಹೆಂಡಿರು ಡಾರ್ಕ್‌ರೂಮ್ ಸೇರಿದರು. ಮೊದಲು ಬಚ್ಚಲಾಗಿದ್ದ ಕೋಣೆ ಅದು. ಅವನು ನೆಗೆಟಿವ್ ಮೂಲಕ ಎನ್‌ಲಾರ್ಜರಿನ ಬೆಳಕನ್ನು ಕಾಗದದ ಮೇಲೆ ಹಾಯಿಸಿ ಕೊಡುತ್ತಿದ್ದ. ಅವಳು ಅದನ್ನು ರಾಸಾಯನಿಕದ ಟ್ರೇಯಲ್ಲಿ ಮುಳುಗಿಸಿ ಅಲುಗಾಡಿಸುತ್ತಿದ್ದಳು.

ಕೆಂಪು ದೀಪದಡಿಯಲ್ಲಿ ಮೊದಲು ಪರದೆಯ ಕಪ್ಪು ಮೂಡಿತು, ಆಮೇಲೆ ಹುಡುಗಿಯ ಕಣ್ಣಿನ ಕಾಡಿಗೆ. ಅವಳ ಕಪ್ಪು ಬಟ್ಟೆಯೊಳಗಿಂದ ಬೆಳ್ಳಗೆ ಇನ್ನೇನೋ ಕಾಣತೊಡಗಿತು. ಎತ್ತಿದ ಕೈ, ಮಡಚಿದ ಬೆರಳು.

ಆ ಮುಷ್ಟಿಯ ಗುರುತು ಹೆಂಡತಿಗೆ ಸಿಕ್ಕಿತು. ರಾಣಿಯ ಉಂಗುರ ಇವಳ ಬೆರಳಿಗೆ ದೊಡ್ಡದಾಗಿತ್ತು. ದಾರ ಸುತ್ತಿದರೂ ಜಾರುತ್ತಿತ್ತು. ಬೀಳದಿರಲಿ ಎಂದು ಆ ಸಂಜೆ ಪೂರ್ತಿ ಮುಷ್ಟಿ ಬಿಗಿಹಿಡಿದೇ ನಟಿಸಿದ್ದಳು. ಬಾಗಿ ನೋಡಿದಳು. ಹುಡುಗಿಯ ಮುಖದೊಳಗೆ, ಹುಬ್ಬಿನ ಸ್ವಲ್ಪ ಕೆಳಗೆ, ಇನ್ನೊಂದು ಜೊತೆ ಕಣ್ಣು. ಅದೇ ಬಿಳಿ, ಅದೇ ಕಾಡಿಗೆ.

"ಇದು ಯಾವ ರೀಲು?"

"ಎದ್ದು ಬಂದಿದೆ ಅಲ್ವಾ!" ಅವನು ಕುಣಿಯುವುದೊಂದು ಬಾಕಿ. "ಗೋಡೆ ಹಾಕಿ ಹಾಕಿ ಸಾಕಾಗಿತ್ತು. ಫ್ರಿಜ್ಜಲ್ಲಿ ಹಳೇದೊಂದಿತ್ತಲ್ಲ, ಅದರ ಮೇಲೇ ತೆಗೆದೆ."

"ಅದು ನನ್ನ ನಾಟಕದ್ದು."

"ಹ್ಞೂಂ, ಗೊತ್ತು. ಪರದೆ, ಕಂಬ, ದೀಪ ಎಲ್ಲ ಇರುತ್ತೆ, ಅಡಿಯ ಪದರಕ್ಕೆ ಹೇಳಿ ಮಾಡಿಸಿದ ಹಾಗಿದೆ ಅಂದ್ಕೊಂಡೆ."

"ನಾನಿದ್ದೆ ಅದ್ರಲ್ಲಿ."

ಅವನು ತಲೆ ಕೆರೆದುಕೊಂಡ. ಸುಳ್ಳು ಹೇಳಬಹುದಿತ್ತು. ಅದೂ ತೋಚಲಿಲ್ಲ ಅವನಿಗೆ.

"ನೀನಿರೋದು ನೆನಪೇ ಆಗ್ಲಿಲ್ಲ ಕಣೇ."

ಅವಳು ಟ್ರೇಯತ್ತ ತಿರುಗಿದಳು. ಅವನೇ ಮುಂದುವರಿಸಿದ. "ಬಿಡು, ಚೆನ್ನಾಗೇ ಬಂದಿದ್ಯಲ್ಲ. ಹೀಗಾದ್ರೂ ನಾಲ್ಕು ಜನ ನೋಡ್ತಾರೆ. ಫ್ರಿಜ್ಜಲ್ಲಿದ್ರೆ ಯಾರು ನೋಡ್ತಿದ್ರು?"

ಅವಳು ಕಾಗದವನ್ನು ಟ್ರೇಯಿಂದ ತೆಗೆಯಲಿಲ್ಲ. ಹುಡುಗಿ, ಕೈ, ಕಣ್ಣು ಎಲ್ಲವೂ ಕಪ್ಪಾಗುತ್ತಾ ಹೋದವು. "ಅಯ್ಯೋ, ಕಪ್ಪಾಯ್ತು," ಎಂದು ಅವನು ಅದನ್ನೆಳೆದು ಬಿಸಾಡಿ ಇನ್ನೊಂದು ಕಾಗದ ಇಟ್ಟ. ನೆಗೆಟಿವ್ ಇದ್ದ ಮೇಲೆ ಅವನಿಗೇನು ಚಿಂತೆ. ಸಂಜೆಯೊಳಗೆ ಪ್ರದರ್ಶನಕ್ಕೆ ಬೇಕಾದಷ್ಟು ಮುದ್ರಿಸಿದ. ಅವಳೇ ಎಲ್ಲವನ್ನೂ ತೊಳೆದು ತಂತಿಗೆ ಹಾಕಿದಳು.

ಮರುದಿನ ಅವನು ಒಣಗಿದ ಫೋಟೋಗಳನ್ನು ಹೊತ್ತು ಗ್ಯಾಲರಿಗೆ ಹೋದ. ಅವಳು ಒಬ್ಬಳೇ ಡಾರ್ಕ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನೆಗೆಟಿವ್‌ಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ಎಲ್ಲದರಲ್ಲೂ ಹುಡುಗಿ ಅವಳ ಮೇಲೆ ಕೂತಿದ್ದಳು. ಕೈಗೆ ಸಿಗುವಲ್ಲೇ ಕತ್ತರಿ ಇತ್ತು. ಚೂರುಚೂರು ಮಾಡಿಬಿಡಬೇಕು ಎನಿಸುತ್ತಿತ್ತು. ಆದರೆ ಚೂರು ಮಾಡಿದರೆ ತಾನೂ ಹೋಗುತ್ತಿದ್ದಳು.

ಆ ಕತ್ತರಿಯಿಂದ ರಟ್ಟಿನಲ್ಲಿ ಮೊಟ್ಟೆಯಾಕಾರದ ಒಂದು ತುಂಡು ಕತ್ತರಿಸಿ ಒಂದು ಸಣ್ಣ ತಂತಿಯ ತುದಿಗೆ ಅಂಟಿಸಿದಳು. ಎನ್‌ಲಾರ್ಜರಿನ ಬೆಳಕಿಗೆ ಅದನ್ನು ಅಡ್ಡ ಹಿಡಿದರೆ ಅಷ್ಟು ಜಾಗಕ್ಕೆ ಬೆಳಕು ಬೀಳುವುದಿಲ್ಲ, ಅಲ್ಲಿ ಚಿತ್ರವೂ ಮೂಡುವುದಿಲ್ಲ. ಹುಡುಗಿಯ ಮುಖದ ಮೇಲೆ ಸರಿಯಾಗಿ ಹಿಡಿದಳು. ಕಾಗದವನ್ನು ಟ್ರೇಗೆ ಹಾಕಿ ಕಾದಳು. ಪರದೆ ಬಂತು, ಕಂಬ ಬಂತು, ಕೈ ಬಂತು. ಮುಖವಿದ್ದ ಜಾಗ ಬಿಳಿಯಾಗೇ ಉಳಿಯಿತು. ಇನ್ನೂ ಚಿಕ್ಕ ತುಂಡು ಕತ್ತರಿಸಿ ನೋಡಿದಳು. ಹುಡುಗಿ ಎಷ್ಟು ಅಳಿಸಿಹೋದಳೋ ತಾನೂ ಅಷ್ಟೇ ಅಳಿಸಿಹೋದಳು. ಎರಡು ಮುಖಕ್ಕೂ ಇದ್ದದ್ದು ಒಂದೇ ಜಾಗ.

"ಅಕ್ಕಾ, ಒಳಗಿದ್ದೀರಾ? ಸರ್ ನನಗೊಂದು ಕಾಪಿ ತಗೋ ಅಂದಿದ್ರು." ಹೊರಗೆ ಹುಡುಗಿಯ ದನಿ. "ಬಾಗಿಲು ತೆಗಿಲಾ? ಬೆಳಕು ಬಿದ್ರೆ ಏನೂ ಕೆಡಲ್ವಾ?"

"ತೆಗಿ. ಕೆಡೋ ಅಂಥದ್ದು ಏನಿಲ್ಲ."

ಹುಡುಗಿ ಒಳಗೆ ಬಂದಳು. ಕಿವಿಯ ಹಿಂದೆ ಇನ್ನೂ ಒಂದಿಷ್ಟು ಬಿಳಿ ಬಣ್ಣ ಉಳಿದಿತ್ತು. ನೀರಿನಲ್ಲಿ ತೇಲುತ್ತಿದ್ದ ಮುಖವಿಲ್ಲದ ಚಿತ್ರವನ್ನು ಬಗ್ಗಿ ನೋಡಿದಳು.

"ಇದು ನನ್ನ ಕೈಯಲ್ವಲ್ಲ ಅಕ್ಕಾ. ನಾನು ಕೈ ಎತ್ತೇ ಇರ್ಲಿಲ್ಲ. ಯಾರದು?"

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ತಂತಿಯ ಮೇಲೆ ಉಳಿದಿದ್ದ ಹುಡುಗಿಯ ಫೋಟೋ ಬಿಚ್ಚಿ, ಮೂಲೆ ಮಡಚದ ಹಾಗೆ ಹಳೆಯ ಪೇಪರಿನಲ್ಲಿ ಸುತ್ತತೊಡಗಿದಳು.